ತೊಡೆಸಂದಿನ ತುರಿಯೂ ಅದರ ಉಪಚಾರವೂ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯವನ್ನು ಎತ್ತಬಹುದೇ ಎಂದು ಕೆಲವು ವಾಚಕರು ಮೊದಲ ಸಾಲಿಗೇ ಮುಖ ಸಿಂಡರಿಸಬಹುದು. ನಾವೂ ಒಂದು ಕಾಲಕ್ಕೆ ಹಾಗೆಯೇ ಎಣಿಸುತ್ತಿದ್ದೆವು. ಮೂವತ್ತು ವರ್ಷಕ್ಕೂ ಮಿಕ್ಕಿ ಹುಡುಗರಿಗೆ ಸಂಸ್ಕೃತವನ್ನು ಪಾಠ ಹೇಳಿದ ನಾವು ದೇಹದ ಅಂಗಾಂಗಗಳ ಹೆಸರನ್ನು ಅಮರಕೋಶದ ಕ್ರಮದಲ್ಲಿ ತಡೆಯಿಲ್ಲದೆ ಒಪ್ಪಿಸಬಲ್ಲೆವು. ಆದರೆ ವಂಕ್ಷಣವೆಂಬ ಸ್ಥಳದಲ್ಲಿ, ಎಂದರೆ ತೊಡೆಯೂ ಕಿಬ್ಬೊಟ್ಟೆಯೂ ಕೂಡುವ ಸಂದಿನಲ್ಲಿ, ನಮಗೇ ತುರಿ ಹತ್ತಿದಾಗ ಅದನ್ನು ವೈದ್ಯರ ಮುಂದೆ ಹೇಳಲು ನಾಲಗೆ ಏಳಲಿಲ್ಲ. ಆ ಲಜ್ಜೆಗೆ ತೆತ್ತ ಬೆಲೆ ನಮ್ಮೊಬ್ಬರದೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ.

ನಮ್ಮ ವಾಸ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರದ ರಸ್ತೆಯಲ್ಲಿರುವ ಕೋಣನಕುಂಟೆಯಲ್ಲಿ. ಕೋಣವೂ ಕುಂಟೆಯೂ ಈಗ ಹೆಸರಿನಲ್ಲಿ ಮಾತ್ರ ಉಳಿದಿವೆ. 2021ರ ಜನವರಿಯಲ್ಲಿ ಮೆಟ್ರೋ ರೈಲು ಇಲ್ಲಿಯ ಕ್ರಾಸಿನವರೆಗೂ ಬಂದು ಮುಂದಕ್ಕೂ ಹೋಯಿತು. ಹಿತ್ತಿಲಿದ್ದ ಮನೆಗಳು ಹೋಗಿ ಮಹಡಿಯ ಮೇಲೆ ಮಹಡಿ ಎದ್ದುವು. ಒಗೆದ ಬಟ್ಟೆಗೆ ಬಿಸಿಲೇ ದುರ್ಲಭವಾಯಿತು. ಗಾಳಿಯಾಡುವ ಪಂಚೆಯನ್ನು ಬಿಟ್ಟು ನಮ್ಮಂಥ ಮುದುಕರೂ ಬಿಗಿಯಾದ ಷರಾಯಿಗಳನ್ನು ತೊಡಲು ಕಲಿತೆವು. ಈ ವಿವರವೆಲ್ಲ ಚರ್ಮರೋಗದ ಲೇಖನದಲ್ಲೇಕೆಂದು ಕೇಳಬೇಡಿರಿ. ರೋಗದ ಅರ್ಧ ಕಾರಣ ಇಲ್ಲಿಯೇ ಇದೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಬಲತೊಡೆಯ ಸಂದಿನಲ್ಲಿ ಒಂದು ಕೆಂಪು ಕಲೆ ಮೂಡಿತು. ಎಂಟು ದಿನಗಳಲ್ಲಿ ಅದು ಬಳೆಯಂತೆ ಅಗಲವಾಯಿತು. ಅಂಚು ಉಬ್ಬಿ ಹೊಟ್ಟು ಉದುರುತ್ತಿತ್ತು, ನಡುವೆ ತಿಳಿಯಾಗಿತ್ತು. ರಾತ್ರಿಯ ತುರಿಕೆಯನ್ನು ಹೇಳತೀರದು. ಬೀದಿಯ ಕೊನೆಯ ಒಂದು ಔಷಧದ ಅಂಗಡಿಯಲ್ಲಿ ತಗ್ಗಿದ ದನಿಯಿಂದ ಸಂಗತಿಯನ್ನು ಅರಿಕೆಮಾಡಿದೆವು. ಅಲ್ಲಿದ್ದ ಹುಡುಗನು ನಮ್ಮ ಮಾತು ಮುಗಿಯುವ ಮುನ್ನವೇ ಒಂದು ಮುಲಾಮಿನ ಕೊಳವೆಯನ್ನು ಮುಂದಿಟ್ಟನು. ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ಶಾಂತವಾಯಿತು. ಧನ್ವಂತರಿಯೇ ಅಂಗಡಿಯಿಟ್ಟು ಕುಳಿತಿದ್ದಾನೆಂದು ಬಗೆದೆವು. ಹಚ್ಚುವುದನ್ನು ನಿಲ್ಲಿಸಿದ ವಾರದಲ್ಲಿ ರೋಗವು ಇಮ್ಮಡಿಯಾಗಿ ಮರಳಿತು. ನಾವೂ ಅಂಗಡಿಗೆ ಮರಳಿದೆವು. ಹೀಗೆ ಆರು ತಿಂಗಳು ಕಳೆಯುವಷ್ಟರಲ್ಲಿ ಕಲೆಯು ಎರಡು ತೊಡೆಗಳಿಗೂ ನಡುವಿಗೂ ಹರಡಿತ್ತು; ತುರಿಸಿ ತುರಿಸಿ ಚರ್ಮ ಕಪ್ಪಾಗಿ ಒರಟಾಗಿತ್ತು; ಮುಲಾಮು ಬಿದ್ದ ಕಡೆಯಲ್ಲಿ ಅದೇ ಚರ್ಮ ತೆಳುವಾಗಿ ಸೀಳಿದಂಥ ಬರೆಗಳು ಎದ್ದಿದ್ದುವು. ಅಷ್ಟರಲ್ಲಿ ನಮ್ಮ ಮನೆಯವರಿಗೆ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಅದೇ ಬಳೆ ಕಾಣಿಸಿತು. ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೊನೆಗೆ ಮೂರು ವರ್ಷದ ಮೊಮ್ಮಗನ ಕೆನ್ನೆಯ ಮೇಲೆ ಬಳೆ ಮೂಡಿತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾವು ಮುಖ ಒರಸುತ್ತಿದ್ದುದು ನಮ್ಮ ಟವಲಿನಿಂದಲೇ. ಚರ್ಮವೈದ್ಯರು ಆ ಕೆನ್ನೆಯನ್ನು ಬೆಳಕಿಗೆ ಹಿಡಿದು ನೋಡಿ, "ಮೇಷ್ಟ್ರೇ, ಮನೆಯಲ್ಲಿ ಇನ್ನು ಯಾರಿಗಿದೆ?" ಎಂದರು. ಸೊಸೆ ನಮ್ಮ ಪಕ್ಕದಲ್ಲಿಯೇ ನಿಂತಿದ್ದಳು. ಜೀವಮಾನದಲ್ಲಿ ಅಷ್ಟು ಕಠಿನವಾದ ಪ್ರಶ್ನೆಗೆ ನಾವು ಉತ್ತರ ಕೊಟ್ಟದ್ದಿಲ್ಲ.

ಈ ರೋಗ ಹೊಸದೇನಲ್ಲ. ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಇದಕ್ಕೆ ದದ್ರು ಎಂದು ಹೆಸರು. ಚರಕನು ಇದನ್ನು ಕ್ಷುದ್ರಕುಷ್ಠಗಳಲ್ಲಿ ಎಣಿಸಿದರೆ ಸುಶ್ರುತನು ಮಹಾಕುಷ್ಠಗಳಲ್ಲಿಯೇ ಸೇರಿಸಿದನು. ಅನುಭವಿಸಿದ ಮೇಲೆ ನಾವು ಸುಶ್ರುತನ ಪಕ್ಷ. ಜನ ಇದನ್ನು ಗಜಕರ್ಣವೆಂದೂ ಹುಳುಕಡ್ಡಿಯೆಂದೂ ಕರೆಯುತ್ತಾರೆ. ಆದರೆ ಇದರಲ್ಲಿ ಹುಳುವಿಲ್ಲ. ಹಳೆಯ ರೊಟ್ಟಿಯ ಮೇಲೆ ಹತ್ತುವ ಬೂಷ್ಟಿನ ದೂರದ ಬಂಧುವಾದ ಒಂದು ಶಿಲೀಂಧ್ರವು ಚರ್ಮದ ಮೇಲ್ಪದರದಲ್ಲಿರುವ ಕೆರಟಿನ್ ಎಂಬ ವಸ್ತುವನ್ನೇ ಆಹಾರವಾಗಿ ಮಾಡಿಕೊಂಡು ಸುತ್ತಲೂ ಬೆಳೆಯುತ್ತ ಹೋಗುತ್ತದೆ. ಬಳೆಯ ಆಕಾರ ಬರುವುದು ಅದರಿಂದ. ಬೆವರು, ಕಾವು, ಕತ್ತಲೆ, ಉಜ್ಜಾಟ ಈ ನಾಲ್ಕೂ ಒಂದೆಡೆ ಸೇರುವ ತೊಡೆಸಂದು ಅದಕ್ಕೆ ಒಳ್ಳೆಯ ಹೊಲ.

ಅಂಗಡಿಯ ಮುಲಾಮು ಮಾಡಿದ್ದೇನು? ಅದರಲ್ಲಿ ಶಿಲೀಂಧ್ರನಾಶಕದೊಡನೆ ಕ್ಲೋಬೆಟಸಾಲ್ ಎಂಬ ತೀಕ್ಷ್ಣವಾದ ಸ್ಟೆರಾಯ್ಡನ್ನೂ ಬೆರೆಸಿದ್ದರು. ಸ್ಟೆರಾಯ್ಡು ಉರಿಯನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಜೊತೆಗೆ ಚರ್ಮವು ರೋಗವನ್ನು ಎದುರಿಸುವ ಶಕ್ತಿಯನ್ನೂ ಅಡಗಿಸುತ್ತದೆ. ಕಳ್ಳನನ್ನು ಮನೆಯೊಳಗೆ ಬಿಟ್ಟು ಬೊಗಳುವ ನಾಯಿಯ ಬಾಯಿ ಕಟ್ಟಿದಂತಾಯಿತು. ಭಾರತ ಸರ್ಕಾರವು 2018ರ ಸೆಪ್ಟೆಂಬರಿನಲ್ಲಿ 328 ಬಗೆಯ ಮಿಶ್ರೌಷಧಗಳನ್ನು ನಿಷೇಧಿಸಿದಾಗ ಇಂಥ ಕೆಲವು ಲೇಪಗಳೂ ಅದರಲ್ಲಿ ಸೇರಿದ್ದುವು. ಹೀಗಿದ್ದೂ ವೈದ್ಯರ ಚೀಟಿಯಿಲ್ಲದೆ ಸ್ಟೆರಾಯ್ಡು ಬೆರೆತ ಮುಲಾಮು ಕೈಗೆ ಬರುವುದು ತಪ್ಪಿಲ್ಲವೆಂಬುದಕ್ಕೆ ನಾವೇ ಸಾಕ್ಷಿ. ಇದಲ್ಲದೆ ನಮ್ಮ ದೇಶದಲ್ಲಿ ಈಚಿನ ವರ್ಷಗಳಲ್ಲಿ ಹರಡಿರುವ ಶಿಲೀಂಧ್ರಕ್ಕೆ 2020ರಲ್ಲಿ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ನಾಮಕರಣವಾಯಿತು. ಇದರ ಅನೇಕ ತಳಿಗಳು ಟರ್ಬಿನಾಫಿನ್ ಎಂಬ ಹಳೆಯ ನಂಬಿಕೆಯ ಔಷಧಕ್ಕೆ ಜಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕ್ ನಗರದಲ್ಲಿಯೂ ಇದು ಕಂಡುಬಂದಿತೆಂದು ಅಲ್ಲಿಯ ವೈದ್ಯರು ಪ್ರಕಟಿಸಿದರು. ನಮ್ಮ ದೇಶದ ಹೆಸರು ಹೀಗೂ ಲೋಕವಿಖ್ಯಾತವಾಗಬೇಕಿತ್ತೇ!

ತೊಡೆಸಂದಿನ ತುರಿಯೆಲ್ಲವೂ ದದ್ರುವಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಸ್ಥೂಲಕಾಯರಿಗೆ ಬರಿಯ ಬೆವರು ಮತ್ತು ಉಜ್ಜಾಟದಿಂದಲೇ ಚರ್ಮ ಕೆಂಪಾಗಿ ಹಸಿಯಾಗುವುದುಂಟು. ಸಿಹಿಮೂತ್ರರೋಗವುಳ್ಳವರಿಗೆ ಕ್ಯಾಂಡಿಡಾ ಎಂಬ ಬೇರೊಂದು ಶಿಲೀಂಧ್ರ ಹತ್ತಿ, ದೊಡ್ಡ ಕೆಂಪು ಕಲೆಯ ಸುತ್ತ ಚಿಕ್ಕ ಚಿಕ್ಕ ಬೊಕ್ಕೆಗಳೇಳುತ್ತವೆ. ಪದೇಪದೇ ಈ ತುರಿ ಬಂದವರು ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸತಕ್ಕದ್ದು. ಬಟ್ಟೆಯ ಸೋಪಿನ ಪುಡಿ ಸರಿಯಾಗಿ ಹೋಗದಿದ್ದರೂ, ಸ್ನಾನದ ನೀರಿಗೆ ಕ್ರಿಮಿನಾಶಕ ದ್ರವವನ್ನು ಸುರಿದುಕೊಂಡರೂ ಇಸಬು ಏಳುತ್ತದೆ. ತುರಿಸುವುದೇ ಅಭ್ಯಾಸವಾಗಿ ಚರ್ಮವು ತೊಗಲಿನಂತೆ ದಪ್ಪವಾದಾಗ ಮೂಲಕಾರಣ ಹೋಗಿದ್ದರೂ ತುರಿಕೆ ಉಳಿಯುವುದುಂಟು. ಗಂಡಸರಲ್ಲಿ ದದ್ರುವು ಸಾಮಾನ್ಯವಾಗಿ ವೃಷಣದ ಚರ್ಮವನ್ನು ಬಿಟ್ಟು ತೊಡೆಯ ಕಡೆಗೆ ಹರಿಯುತ್ತದೆ; ವೃಷಣವೇ ಒರಟಾಗಿ ತುರಿಸಿದರೆ ಇಸಬು ಮೊದಲಾದ ಬೇರೆ ಕಾರಣಗಳನ್ನು ಹುಡುಕಬೇಕು. ವೈದ್ಯರು ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಿಂದ ನೋಡಿದರೆ ಶಿಲೀಂಧ್ರದ ಎಳೆಗಳು ಕಣ್ಣಿಗೆ ಬೀಳುತ್ತವೆ. ನಮ್ಮದನ್ನು ನಮಗೂ ತೋರಿಸಿದರು. ಬಿದಿರಿನ ಗೆಣ್ಣಿನಂತೆ ಕಂಡಿತು.

ಇನ್ನು ಉಪಚಾರ. ನಂಬಿದ ಮನೆಮದ್ದನ್ನು ಹೇಳದಿದ್ದರೆ ಕೆಲವರಿಗೆ ತೃಪ್ತಿಯಾಗದು. ತಗಚೆಗಿಡಕ್ಕೆ ಸಂಸ್ಕೃತದಲ್ಲಿ ದದ್ರುಘ್ನವೆಂದು ಹೆಸರಿರುವುದನ್ನು ನೆನೆದು ನಾವು ಅದರ ಎಲೆಯನ್ನು ನಿಂಬೆರಸದಲ್ಲಿ ಅರೆದು ಹಚ್ಚಿ, ಅರ್ಧರಾತ್ರಿಯಲ್ಲಿ ಬಚ್ಚಲುಮನೆಗೆ ಓಡಿದ್ದುಂಟು. ಗಿಡದ ಗುಣ ಏನೇ ಇರಲಿ, ತುರಿಸಿ ಹುಣ್ಣಾದ ಮೃದುವಾದ ಜಾಗಕ್ಕೆ ನಿಂಬೆರಸವಾಗಲಿ ಬೆಳ್ಳುಳ್ಳಿಯಾಗಲಿ ಕೂಡದು. ವೈದ್ಯರು ಬರೆದುಕೊಟ್ಟ ಶಿಲೀಂಧ್ರನಾಶಕ ಲೇಪವನ್ನು ಕಲೆಯ ಮೇಲೆ ಮಾತ್ರವಲ್ಲ, ಅಂಚನ್ನು ದಾಟಿ ಎರಡು ಬೆರಳಗಲದವರೆಗೂ ಹಚ್ಚಬೇಕು. ಕಲೆ ಮಾಯವಾದ ಮೇಲೂ ಎರಡು ವಾರವಾದರೂ ಬಿಡಕೂಡದು. ಹಳೆಯ ಅಥವಾ ಹರಡಿದ ರೋಗಕ್ಕೆ ಗುಳಿಗೆಗಳೂ ಬೇಕಾಗುತ್ತವೆ. ಯಕೃತ್ತಿನ ತೊಂದರೆಯುಳ್ಳವರೂ ಗರ್ಭಿಣಿಯರೂ ತಮ್ಮ ಸ್ಥಿತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೀವು, ಜ್ವರ, ಹೆಚ್ಚಾದ ನೋವು ಅಥವಾ ಊತ ಕಂಡರೆ ಮಾತ್ರ ಒಂದು ದಿನವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ದುಡ್ಡಿನ ಚಿಂತೆಯಿದ್ದವರಿಗೆ ನಮ್ಮ ಊರಿನ ವಿಕ್ಟೋರಿಯಾ, ಬೌರಿಂಗ್ ಮುಂತಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗದ ವಿಭಾಗಗಳಿವೆ.

ಔಷಧದಷ್ಟೇ ಮುಖ್ಯವಾದುದು ಗೃಹಿಣಿಯರ ಕೈಯಲ್ಲಿದೆ; ಅಥವಾ, ನ್ಯಾಯವಾಗಿ ಹೇಳುವುದಾದರೆ, ಬಟ್ಟೆ ಒಗೆಯುವವರು ಯಾರೋ ಅವರ ಕೈಯಲ್ಲಿ. ರೋಗಿಯ ಟವಲು, ಒಳಉಡುಪು, ಹಾಸಿಗೆಬಟ್ಟೆಗಳನ್ನು ಬೇರೆಯಾಗಿಟ್ಟು ಬಿಸಿನೀರಿನಲ್ಲಿ ಒಗೆದು, ಒಳಮಗ್ಗುಲನ್ನು ಹೊರಗೆ ಮಾಡಿ ಬಿಸಿಲಿಗೆ ಹಾಕಬೇಕು; ಬಿಸಿಲಿಲ್ಲದ ದಿನ ಇಸ್ತ್ರಿಯಾದರೂ ಆಗಲಿ. ಅರೆ ಒಣಗಿದ ಚಡ್ಡಿಯನ್ನು ಮೈಶಾಖದಿಂದ ಒಣಗಿಸಿಕೊಳ್ಳುವ ದುರಭ್ಯಾಸ ನಮ್ಮ ಮನೆಯಲ್ಲಿಯೇ ಇತ್ತು. ಸ್ನಾನವಾದ ಮೇಲೆ ಸಂದನ್ನು ಒತ್ತಿ ಒರಸಿ, ಚೆನ್ನಾಗಿ ಆರಿದ ಮೇಲೆ ಸಡಿಲವಾದ ಹತ್ತಿಯ ಬಟ್ಟೆಯನ್ನು ಧರಿಸಬೇಕು. ಕಾಲ್ಬೆರಳ ಸಂದಿನಲ್ಲಿಯೂ ತುರಿಯಿದ್ದರೆ ಅದಕ್ಕೂ ಮದ್ದು ಆಗಬೇಕು. ಚಡ್ಡಿಯನ್ನು ಪಾದದ ಮೂಲಕ ಎಳೆದುಕೊಳ್ಳುವಾಗ ರೋಗವು ಮೇಲಕ್ಕೆ ಬರುವುದರಿಂದ ಕಾಲುಚೀಲವನ್ನು ಮೊದಲು ತೊಟ್ಟು ಒಳಉಡುಪನ್ನು ಆಮೇಲೆ ತೊಡುವುದು ಒಳ್ಳೆಯದು. ಮನೆಯಲ್ಲಿ ಯಾರು ಯಾರಿಗೆ ಇದೆಯೋ ಅವರೆಲ್ಲರಿಗೂ ಚಿಕಿತ್ಸೆ ಒಟ್ಟಿಗೇ ನಡೆಯಬೇಕು. ಇಲ್ಲವಾದರೆ ಒಬ್ಬರಿಂದ ಹೋದದ್ದು ಮತ್ತೊಬ್ಬರಿಂದ ಬರುತ್ತದೆ.

ಮೊಮ್ಮಗನ ಕೆನ್ನೆ ಐದು ವಾರಗಳಲ್ಲಿ ತಿಳಿಯಾಯಿತು. ನಮ್ಮ ಮನೆಯವರಿಗೆ ಎರಡು ತಿಂಗಳು ಬೇಕಾಯಿತು. ಸ್ಟೆರಾಯ್ಡು ಮೆತ್ತಿಕೊಂಡಿದ್ದ ನಮಗೆ ನಾಲ್ಕು ತಿಂಗಳು. ಮಾಳಿಗೆಯ ಮೇಲೆ ಈಗ ಎರಡು ಹಗ್ಗಗಳಿವೆ, ಪ್ರತಿಯೊಬ್ಬರಿಗೂ ಒಂದೊಂದು ಬಣ್ಣದ ಟವಲಿದೆ. ತೊಡೆಯ ಮೇಲಿನ ಬರೆಗಳು ಮಾತ್ರ ಹೋಗಲಿಲ್ಲ. ಬಣ್ಣ ಮಾಸಬಹುದೇ ಹೊರತು ಪೂರ್ತಿಯಾಗಿ ಹೋಗುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು.