ಹೊಳೆಯುವ ರಾಕರ್‌ಗೆ ಮನಸೋಲುವ ಮುನ್ನ

ಬೈಕ್ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಅಣ್ಣ ಎಂಜಿನ್ನಿಗೆ ಕಿವಿಗೊಟ್ಟು 'ಟ್ಯಾಪೆಟ್ ಸೌಂಡ್ ಬರ್ತಿದೆ' ಎಂದದ್ದನ್ನು ನೀವೂ ಕೇಳಿರುತ್ತೀರಿ. ನಾವು ಓಡಿಸುವ ಎಷ್ಟೋ 100 ಸಿಸಿ ಬೈಕುಗಳಲ್ಲಿ ಆತ ತಿರುಗಿಸುವ ಆ ಪುಟ್ಟ ಸ್ಕ್ರೂ ಇರುವುದು ರಾಕರ್ ಆರ್ಮ್‌ನ ತುದಿಯಲ್ಲಿ. ರಾಕರ್ ಅಂದರೆ ಬಾವಿಯ ಏತದಂಥ ಸಣ್ಣ ಸನ್ನೆ. ಕ್ಯಾಮ್ ಒಂದು ತುದಿಯನ್ನು ಎತ್ತಿದರೆ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. (ಹಳೆಯ ಯೆಜ್ಡಿ, ಆರ್‌ಎಕ್ಸ್ 100 ಅಭಿಮಾನಿಗಳು ನಿಶ್ಚಿಂತೆಯಿಂದಿರಿ. ನಿಮ್ಮ ಟೂ ಸ್ಟ್ರೋಕ್ ಎಂಜಿನ್‌ಗೆ ಈ ರಗಳೆಯೇ ಇಲ್ಲ.)

ಎಂಜಿನ್ ಟ್ಯೂನ್ ಮಾಡುವ ಹುಚ್ಚಿರುವವರಿಗೆ ರಾಕರ್ ಪಾಠ ಕಲಿಯಲು ಅಮೆರಿಕದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8ಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. 1955ರಲ್ಲಿ ಬಂದ ಈ ಎಂಜಿನ್‌ನಲ್ಲಿ ಉಕ್ಕಿನ ತಗಡನ್ನು ಅಚ್ಚೊತ್ತಿ ಮಾಡಿದ ರಾಕರ್‌ಗಳಿದ್ದವು. ಒಂದೊಂದಕ್ಕೂ ಒಂದು ಸ್ಟಡ್, ಅದರ ಮೇಲೆ ಅರ್ಧಗೋಲದಂಥ ಒಂದು ಬಾಲ್, ಮೇಲೊಂದು ನಟ್. ಅಗ್ಗ, ಹಗುರ. ಅಲ್ಲಿನ ಹುಡುಗರು ಅಂದಿನಿಂದಲೂ ಅದನ್ನು ಬಿಚ್ಚಿ ಜೋಡಿಸುತ್ತಲೇ ಇದ್ದಾರೆ. ವಾರವಿಡೀ ಆಫೀಸಿಗೆ ಹೋಗಿ ಭಾನುವಾರ ಗುಡುಗಬೇಕಾದ ಕಾರಿಗೆ ಯಾವ ರಾಕರ್ ಹಾಕಬೇಕು ಎಂಬುದು ಅವರ ಹಳೇ ಜಗಳ.

ಮೊದಲು ನೋಡಬೇಕಾದದ್ದು ಅನುಪಾತ. ಷೆವಿಯ ಮೂಲ ರಾಕರ್ 1.5ರದ್ದು. ಕ್ಯಾಮ್ 8 ಮಿ.ಮೀ. ಎತ್ತಿದರೆ ವಾಲ್ವ್ 12 ಮಿ.ಮೀ. ತೆರೆಯುತ್ತದೆ. 1.6ರ ರಾಕರ್ ಹಾಕಿದರೆ ಅದೇ ಕ್ಯಾಮ್‌ನಲ್ಲಿ 12.8 ಮಿ.ಮೀ. ಕ್ಯಾಮ್ ಬದಲಿಸದೆಯೇ ಗಾಳಿಯ ದಾರಿ ಅಗಲವಾಯಿತು! ವಾಲ್ವ್ ತೆರೆದಿರುವ ಅವಧಿ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಐಡ್ಲಿಂಗ್ ಕೂಡ ಕೆಡುವುದಿಲ್ಲ. ಟ್ರಾಫಿಕ್ಕಿನಲ್ಲಿ ನಿಲ್ಲುವ ಕಾರಿಗೆ ಇದು ದೊಡ್ಡ ಅನುಕೂಲ.

ಆದರೆ ಆ 0.8 ಮಿ.ಮೀ.ಗೆ ಜಾಗ ಎಲ್ಲಿಂದ ಬರಬೇಕು? ವಾಲ್ವ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕಚ್ಚಿಕೊಳ್ಳಬಾರದು, ಪೂರ್ತಿ ಒತ್ತಿದಾಗಲೂ ಒಂದೂವರೆ ಮಿ.ಮೀ.ನಷ್ಟು ಅಂತರ ಉಳಿದರೆ ಕ್ಷೇಮ. 1.6ರಲ್ಲಿ ಪುಶ್‌ರಾಡ್ ಕೂರುವ ಕುಳಿ ಸ್ಟಡ್‌ಗೆ ಹತ್ತಿರವಾಗುವುದರಿಂದ, ಹಳೆಯ ಹೆಡ್‌ಗಳಲ್ಲಿ ಪುಶ್‌ರಾಡ್ ಹೋಗುವ ತೂತಿನ ಅಂಚಿಗೆ ಅದು ಉಜ್ಜಬಹುದು. ಇನ್ನೊಂದು, ಹಳೆಯ ಹೆಡ್‌ಗಳ ಸ್ಟಡ್‌ಗಳು ಬರೀ ಒತ್ತಿ ಕೂರಿಸಿದವು. ಬಿಗಿ ಸ್ಪ್ರಿಂಗ್ ಹಾಕಿದಿರೋ, ಅವು ನಿಧಾನಕ್ಕೆ ಮೇಲೆದ್ದು ಬರುತ್ತವೆ. ಅಂಥ ಹೆಡ್‌ಗೆ ದುಬಾರಿ ರಾಕರ್ ಕೊಳ್ಳುವ ಮೊದಲು ಮರೆಯೊಳಗೆ ತಿರುಗಿಸಿ ಕೂರಿಸುವ ಸ್ಟಡ್ ಹಾಕಿಸುವುದೇ ಸರಿಯಾದ ಖರ್ಚು.

ಎಲ್ಲಕ್ಕಿಂತ ಅಪಾಯ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುವುದು. ಹಾಗಾದರೆ ಎಂಜಿನ್ನೇ ಹೋಯಿತು. ಇದನ್ನು ಪರೀಕ್ಷಿಸಲು ಬೇಕಾದದ್ದು ಮಕ್ಕಳಾಡುವ ಕ್ಲೇ! ಪಿಸ್ಟನ್ ಮೇಲೆ ಮೆತ್ತಿ, ಹೆಡ್ ಜೋಡಿಸಿ, ಎಂಜಿನ್ನನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಬಿಚ್ಚಿ, ಅತಿ ತೆಳುವಾದ ಕಡೆ ಕತ್ತರಿಸಿ ಅಳೆಯುತ್ತಾರೆ. ಇನ್‌ಟೇಕ್ ಕಡೆ ಸುಮಾರು 2, ಎಕ್ಸಾಸ್ಟ್ ಕಡೆ 2.5 ಮಿ.ಮೀ. ಉಳಿದಿರಬೇಕು ಎಂಬುದು ರೂಢಿಯ ಲೆಕ್ಕ.

ಇನ್ನು ಮೋಹದ ವಿಷಯ. ನೀಲಿ, ಕೆಂಪು ಬಣ್ಣದ ಅಲ್ಯೂಮಿನಿಯಂ ರೋಲರ್ ರಾಕರ್‌ಗಳು ನೋಡಲು ಒಡವೆಯಂತೆ. ಆದರೆ ಲೆಕ್ಕ ಹಾಕಿ: 2,500 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ನಿಮಿಷಕ್ಕೆ 1,250 ಸಲ, ಗಂಟೆಗೆ 75,000 ಸಲ ತೆರೆಯುತ್ತದೆ. ಮೆಟೀರಿಯಲ್ ಸೈನ್ಸ್‌ನ ಎಸ್-ಎನ್ ಕರ್ವ್ ನೆನಪಿದೆಯಾ? ಉಕ್ಕಿಗೆ ದಣಿವಿನ ಒಂದು ಮಿತಿಯಿದೆ, ಅದರೊಳಗಿದ್ದರೆ ಎಷ್ಟು ಸಲ ಬಾಗಿದರೂ ತಡೆಯುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ರೇಸಿನವರು ಎಂಜಿನ್ನನ್ನು ಮತ್ತೆಮತ್ತೆ ಬಿಚ್ಚಿ ನೋಡುತ್ತಾರೆ, ದಿನಾ ಓಡಿಸುವವರು ನೋಡುತ್ತಾರೆಯೇ? ಉಕ್ಕು ಭಾರವೆನ್ನುವ ವಾದಕ್ಕೂ ಅರ್ಧವೇ ಬಲ. ಕೀಲಿನ ಹತ್ತಿರದ ತೂಕ ಅಷ್ಟಾಗಿ ಕಾಡುವುದಿಲ್ಲ, ಕಾಡುವುದು ವಾಲ್ವ್ ತುದಿಯ ತೂಕ.

ತುದಿಯಲ್ಲಿ ಮಾತ್ರ ರೋಲರ್ ಇರುವ ಅಗ್ಗದ ರಾಕರ್ ನನ್ನ ಮಟ್ಟಿಗೆ ಹೆಸರಿಗಷ್ಟೇ ರೋಲರ್. ಬಿಗಿ ಸ್ಪ್ರಿಂಗ್ ಇದ್ದಾಗ ಹೆಚ್ಚು ಬಿಸಿಯಾಗುವ ಕೀಲಿನ ಬಾಲ್ ಅದರಲ್ಲೂ ಹಾಗೇ ಇರುತ್ತದೆ. ಸಾಧಾರಣ ಕ್ಯಾಮ್‌ಗೆ ಕಂಪನಿಯ ತಗಡಿನ ರಾಕರ್ ಸಾಕು. ಲಿಫ್ಟ್ ತುಂಬಾ ಹೆಚ್ಚಾದರೆ ಅದರ ಸೀಳು ಸ್ಟಡ್‌ಗೆ ತಾಗುತ್ತದೆ. ಅಲ್ಲಿಗೆ ಕೀಲಿನಲ್ಲೂ ಬೇರಿಂಗ್ ಇರುವ ಉಕ್ಕಿನ ರಾಕರ್‌ಗೆ ದುಡ್ಡು ಹಾಕಬಹುದು. ಅದು ಎತ್ತರವಾದ್ದರಿಂದ ಮೇಲಿನ ಕವರ್ ತಾಗುವುದೋ ಎಂದು ನೋಡಿಯೇ ಕೊಳ್ಳಬೇಕು.

ಯಾವುದೇ ಕೊಂಡರೂ ಒಂದು ಮಾರ್ಕರ್ ಪೆನ್ ಇಟ್ಟುಕೊಳ್ಳಿ. ವಾಲ್ವ್ ತುದಿಗೆ ಮಸಿ ಬಳಿದು ಎಂಜಿನ್ ತಿರುಗಿಸಿದರೆ ರಾಕರ್ ಒರೆಸಿದ ಗೆರೆ ಕಾಣುತ್ತದೆ. ಗೆರೆ ಸಣ್ಣಗೆ, ನಡುವೆ ಇದ್ದರೆ ಪುಶ್‌ರಾಡ್ ಉದ್ದ ಸರಿ. ಅಗಲವಾಗಿ ಅಂಚಿಗೆ ಹೋಗಿದ್ದರೆ ವಾಲ್ವ್ ಗೈಡ್ ಸವೆಯುತ್ತದೆ, ಪುಶ್‌ರಾಡ್ ಬದಲಿಸಬೇಕು.