ನಾಮಿನಿ ಬೇರೆ, ವಾರಸುದಾರ ಬೇರೆ

ಮುಂಬಯಿ, ಪುಣೆಗಳ ಸಹಕಾರಿ ಹೌಸಿಂಗ್ ಸೊಸಾಯಿಟಿಗಳಲ್ಲಿ ಮನೆ ಮಾಡಿರುವ ನಮ್ಮವರಲ್ಲಿ ಅನೇಕರು, 'ನಾಮಿನೇಶನ್ ಫಾರಮಿನಲ್ಲಿ ಮಗನ ಹೆಸರು ಬರೆದಾಯಿತು, ಇನ್ನು ಮನೆ ಅವನದೇ' ಎಂದು ನಿಶ್ಚಿಂತರಾಗಿರುತ್ತಾರೆ. ಇದು ತಪ್ಪು ತಿಳಿವಳಿಕೆ.

ವಾರಸುದಾರನೆಂದರೆ ಕಾಯಿದೆಯಿಂದಲೋ ಉಯಿಲಿನಿಂದಲೋ ಆಸ್ತಿಗೆ ಹಕ್ಕುದಾರನಾದವನು. ನಾಮಿನಿಯಾದರೋ ಅಲ್ಲಿಯವರೆಗಿನ ಪಾಲಕನಷ್ಟೆ. ಮಹಾರಾಷ್ಟ್ರದ ಸಹಕಾರಿ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯಂತೆ, ವಾರಸುದಾರರು ಸದಸ್ಯರಾಗುವ ತನಕ ನಾಮಿನಿಯು ಹಂಗಾಮಿ ಸದಸ್ಯ ಮಾತ್ರ.

ಹಿಂದೂ ಗೃಹಸ್ಥನು ಉಯಿಲು ಬರೆಯದೆ ತೀರಿಕೊಂಡರೆ, ಅವನ ಸ್ವಯಾರ್ಜಿತ ಆಸ್ತಿಯು 1956ರ ಉತ್ತರಾಧಿಕಾರ ಕಾಯಿದೆಯ ಮೇರೆಗೆ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರೆಲ್ಲರಿಗೆ ಸಮಪಾಲಾಗಿ ಸಲ್ಲುತ್ತದೆ. ಧಾರವಾಡಕ್ಕೆ ಮದುವೆಯಾಗಿ ಹೋದ ಮಗಳಿಗೂ ಪಾಲುಂಟು.

ಮನೆ ಇಂಥವರಿಗೇ ಸೇರಲಿ ಎಂಬ ಇಚ್ಛೆಯಿದ್ದರೆ ಉಯಿಲನ್ನೇ ಬರೆಯಬೇಕು. ಅದಕ್ಕೆ ಸ್ಟಾಂಪು ಕಾಗದ ಬೇಕಿಲ್ಲ. ರಿಜಿಸ್ಟರು ಮಾಡಿಸುವುದೂ ಕಡ್ಡಾಯವಲ್ಲ. ಬರೆದವನ ರುಜುವನ್ನು ಕಂಡು, ಅವನೆದುರಿಗೇ ಇಬ್ಬರು ಸಾಕ್ಷಿದಾರರು ರುಜು ಹಾಕಬೇಕು.

ಫಾರಮು ತುಂಬಿದ ಮಹನೀಯರು ಉಯಿಲನ್ನೂ ಬರೆದಿಟ್ಟರೆ, ಒಡಹುಟ್ಟಿದವರು ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗ ತಪ್ಪೀತು.