ರಕ್ತ ತೆಳುವಾಗಿಸುವ ಗುಳಿಗೆ: ಅಳತೆ ತಪ್ಪಿದಾಗ

ಹೃದಯದ ಕವಾಟ ಬದಲಿಸಿಕೊಂಡು ದೊಡ್ಡ ಆಸ್ಪತ್ರೆಯಿಂದ ಹಂಸಭಾವಿಯ ಮನೆಗೆ ಮರಳಿದವರ ಚೀಟಿಯಲ್ಲಿ ಒಂದು ಸಣ್ಣ ಗುಳಿಗೆ ಇದ್ದೇ ಇರುತ್ತದೆ. ಅದು ವಾರ್ಫರಿನ್ ಅಥವಾ ಅಸಿಟ್ರೋಮ್. ಲೋಹದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಂತೆ ಅದನ್ನು ಜೀವನವಿಡೀ ಸೇವಿಸಬೇಕು. ನೆನಪಿಟ್ಟು ಕೊಡುವವರು ಹೆಚ್ಚಾಗಿ ಮನೆಯ ಮಹಿಳೆಯರೇ. ಆದ್ದರಿಂದ ಸೋದರಿಯರೇ, ಈ ವಿಷಯ ನಿಮಗೆ ತಿಳಿದಿರಲಿ.

1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ಅದರ ಕಾರಣ ಹುಡುಕಿದ ಕಾರ್ಲ್ ಲಿಂಕ್ ತಂಡದ ಸಂಶೋಧನೆಯಿಂದಲೇ ವಾರ್ಫರಿನ್ ಹುಟ್ಟಿತು. 1948ರಲ್ಲಿ ಅದು ಇಲಿ ಪಾಷಾಣವಾಗಿತ್ತು. 1954ರಲ್ಲಿ ಮನುಷ್ಯರ ಔಷಧವಾಯಿತು. ವಿಷಕ್ಕೂ ಮದ್ದಿಗೂ ನಡುವೆ ಇರುವುದು ಅಳತೆ ಮಾತ್ರ.

ಆ ಅಳತೆಯೇ ಐಎನ್‌ಆರ್ ರಕ್ತಪರೀಕ್ಷೆ. ಗುಳಿಗೆ ಸೇವಿಸದವರಲ್ಲಿ ಅದು ಸುಮಾರು 1 ಇರುತ್ತದೆ. ಸೇವಿಸುವವರಲ್ಲಿ ಸಾಮಾನ್ಯವಾಗಿ 2ರಿಂದ 3, ಕೆಲವು ಕವಾಟಗಳಿಗೆ 2.5ರಿಂದ 3.5 ಇರಬೇಕು.

ಅದು ಮಿತಿ ಮೀರುವುದೇಕೆ? ಒಂದೇ ದಿನ ಎರಡು ಬಾರಿ ಗುಳಿಗೆ ನುಂಗಿರಬಹುದು. ಜ್ವರ, ಭೇದಿಯಿಂದ ಊಟ ಬಿಟ್ಟಿರಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್, ಶಿಲೀಂಧ್ರ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಕೂಡ ರಕ್ತವನ್ನು ಇನ್ನಷ್ಟು ತೆಳುವಾಗಿಸುತ್ತವೆ. ಮೊಣಕಾಲು ನೋವಿನ ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ಊರಿನ ವೈದ್ಯರ ಬಳಿ ಹೋದಾಗಲೂ ಮೊದಲು ಈ ಗುಳಿಗೆಯ ಹೆಸರು ಹೇಳಿ. ಮೆಂತ್ಯ, ಪಾಲಕ್ ಸೊಪ್ಪಿನಲ್ಲಿರುವ 'ಕೆ' ಜೀವಸತ್ವ ಗುಳಿಗೆಗೆ ಎದುರಾಗಿ ಕೆಲಸ ಮಾಡುತ್ತದೆ. ಹಾಗೆಂದು ಸೊಪ್ಪು ಬಿಡಬೇಡಿ. ವಾರವಾರವೂ ಒಂದೇ ಪ್ರಮಾಣದಲ್ಲಿ ತಿನ್ನಿ.

ಒಸಡು, ಮೂಗಿನಲ್ಲಿ ರಕ್ತ, ಕಾರಣವಿಲ್ಲದ ನೀಲಿ ಕಲೆ, ಕೆಂಪು ಮೂತ್ರ, ಅತಿಯಾದ ಮುಟ್ಟಿನ ಸ್ರಾವ ಕಂಡರೆ ನಾಚಿಕೆಯಿಂದ ಮುಚ್ಚಿಡದೆ ಅಂದೇ ವೈದ್ಯರಿಗೆ ತಿಳಿಸಿ. ಕಪ್ಪು ಮಲ, ರಕ್ತವಾಂತಿ, ತೀವ್ರ ತಲೆನೋವು ಅಥವಾ ತಲೆಗೆ ಪೆಟ್ಟಾದರೆ, ಹೊರಗೆ ಗಾಯವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ರಕ್ತಸ್ರಾವವಿಲ್ಲದೆ ಐಎನ್‌ಆರ್ 4.5 ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ಒಂದೆರಡು ಗುಳಿಗೆ ತಡೆಹಿಡಿದು ಮತ್ತೆ ಪರೀಕ್ಷಿಸುತ್ತಾರೆ. 10 ಮೀರಿದರೆ 'ಕೆ' ಜೀವಸತ್ವವನ್ನು ಬಾಯಿಯ ಮೂಲಕ ಕೊಡುತ್ತಾರೆ. ರಕ್ತ ಹರಿಯುತ್ತಿದ್ದರೆ ಅದನ್ನು ರಕ್ತನಾಳಕ್ಕೆ ಕೊಟ್ಟು, ಜೊತೆಗೆ ಪ್ಲಾಸ್ಮಾ ಅಥವಾ ಹೆಪ್ಪುಗಟ್ಟಿಸುವ ಅಂಶಗಳನ್ನು ಏರಿಸುತ್ತಾರೆ. ಇದಾವುದನ್ನೂ ಮನೆಯಲ್ಲಿ ಮಾಡಲು ಹೋಗಬೇಡಿ. ಹೆದರಿ ಗುಳಿಗೆಯನ್ನೇ ನಿಲ್ಲಿಸಿದರೆ ಕವಾಟ ಕಟ್ಟಿಕೊಳ್ಳಬಹುದು, ಪಾರ್ಶ್ವವಾಯು ಬಡಿಯಬಹುದು.

ಗುಳಿಗೆ ಸೇವಿಸುವ ಸೋದರಿಯರು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು. ವಾರ್ಫರಿನ್ ಭ್ರೂಣಕ್ಕೆ ಹಾನಿಕರ. ರಮಝಾನ್‌ಗೆ ಮುಂಚೆಯೂ ಸಲಹೆ ಪಡೆಯಿರಿ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬುದು ನಿಮಗೆ ಗೊತ್ತೇ ಇದೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿದಿನ ಗುಳಿಗೆ ಕೊಟ್ಟೊಡನೆ ಒಂದು ಗುರುತು ಹಾಕಿ. ಮುಂದಿನ ಪರೀಕ್ಷೆಯ ದಿನವನ್ನೂ ಅಲ್ಲೇ ಬರೆದಿಡಿ. ಆ ಪುಟ್ಟ ಗುರುತು ಒಂದು ಜೀವ ಉಳಿಸಬಹುದು.